ಹಂಚಿನ ಮೇಲಿನ 1865

ಎಕ್ಕಂಬಿ ದಾಟಿ ಮುಂಡಗೋಡ ಸೀಮೆಗೆ ಹೊಕ್ಕರೆ ಗೌಳಿಗರ ದೊಡ್ಡಿಗಳು ಸಿಗುತ್ತವೆ. ಮಹಾರಾಷ್ಟ್ರದ ಘಟ್ಟದಿಂದ ಎಮ್ಮೆ ಹೊಡೆದುಕೊಂಡು ಬಂದವರು. ಗೋವೆಯ ಪೋರ್ಚುಗೀಸರ ಕೈ ತಪ್ಪಿಸಿ ಯಲ್ಲಾಪುರ, ಹಳಿಯಾಳದ ಕಾಡು ಸೇರಿದ ಸಿದ್ದಿಗಳ ಕಥೆಯೂ ನಿಮಗೆ ಗೊತ್ತಿದ್ದದ್ದೇ. ನನ್ನ ತಕರಾರು ಇವರ ಮಣ್ಣಿನ ಮನೆಗಳ ವಯಸ್ಸಿನದು.

ಒಂದು ಗೌಳಿ ಮನೆಯ ಹಂಚಿನಲ್ಲಿ ಬಾಸೆಲ್ ಮಿಶನ್ ಹೆಸರು, ಜೊತೆಗೆ 1865 ಎಂಬ ಉಬ್ಬು ಅಂಕಿ. ಸಂಗಡ ಬಂದವರೊಬ್ಬರು ‘ನೂರೈವತ್ತು ವರ್ಷದ ಮನೆ’ ಎಂದು ಬರೆದುಕೊಂಡೇಬಿಟ್ಟರು. ಅದು ಮಿಶನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಸ್ವಾಮಿ! ಆಮೇಲಿನ ಹಂಚಿಗೂ ಅದೇ ಅಂಕಿ ಒತ್ತಿದರು. ಮೇಲಾಗಿ, ಪೇಟೆಯ ಹಳೇ ಮನೆ ಕೆಡವಿದಾಗ ಹಂಚು ಗಾಡಿ ಹತ್ತಿ ಎಲ್ಲಿಗೂ ಹೋಗುತ್ತದೆ.

ನಮ್ಮ ಚರಿತ್ರೆ ಮಾಸ್ತರು ಬನವಾಸಿಗೆ ಕರೆದೊಯ್ದರೆ ಮಧುಕೇಶ್ವರನಿಗೆ ಕೈಮುಗಿದು, ಪಕ್ಕದ ಮನೆಯ ಮಣ್ಣುಗೋಡೆಯ ಎದುರೇ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಉದುರಿದ ಚಕ್ಕೆಯನ್ನು ಅಂಗೈಲಿಟ್ಟು ತೋರಿಸುವರು: ಮೇಲೆ ಕೆಮ್ಮಣ್ಣು, ಕೆಳಗೆ ಸಗಣಿಯ ಬೂದು, ಮತ್ತೆ ಕೆಮ್ಮಣ್ಣು, ನಡುವೆ ಭತ್ತದ ಹೊಟ್ಟು. ಆ ಮನೆಯ ಅಜ್ಜಿ ‘ಗೋಡೆ ಒಡೀತೀರಾ’ ಎಂದು ಬೈದದ್ದೂ ನೆನಪಿದೆ. ಮಳೆಗಾಲ ಮುಗಿದೊಡನೆ ಹೆಂಗಸರು ಬಳಿದು ಹೊಸದಾಗಿಸುವ ಗೋಡೆ ಇದು. ಕಂಡವರಿಗೆ ನಿನ್ನೆ ಕಟ್ಟಿದ ಹಾಗೇ ಕಾಣುವುದು; ಅದರ ವಯಸ್ಸು ಇರುವುದು ಒಳಗಿನ ಪದರಗಳಲ್ಲಿ.

ಈ ವಯಸ್ಸಿನ ಲೆಕ್ಕ ಏಕೆ ಬೇಕೆಂದು ತಿಳಿಯಲು ಈಗ ಅರಣ್ಯ ಹಕ್ಕು ಕಾಯ್ದೆಗೆ ಬನ್ನಿ. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರು 2005ರ ಡಿಸೆಂಬರ್ 13ರ ಮುಂಚಿನ ಅನುಭೋಗ ತೋರಿಸಿದರೆ ಸಾಕು. ಗೌಳಿಗ ಪಂಗಡದ ಪಟ್ಟಿಯಲ್ಲಿಲ್ಲ. ಅವನು ಅದೇ ದಿನಕ್ಕೆ ಮುಂಚಿನ 75 ವರ್ಷದ, ಅಂದರೆ 1930ರಿಂದಲೂ ಇರುವ ವಾಸ ತೋರಿಸಬೇಕು. ಎರಡೂ ಮನೆಗೆ ಅದೇ ಮಣ್ಣು, ಅದೇ ಸಗಣಿ. ಮನೆ, ಗುಡಿಸಲನ್ನೂ ಊರ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು 2008ರ ನಿಯಮವೇ ಒಪ್ಪುತ್ತದೆ. ಆದರೂ ಅರ್ಜಿ ಹಿಡಿದು ಹೋದವನಿಗೆ ಸಿಗುವ ಮಾತು ‘ಕಾಗದ ತಾ’.

ಗೋಡೆಯ ಪದರ ಎಣಿಸಿಕೊಳ್ಳಿ ಎಂದು ವಾದಿಸುವವ ನಾನು. ಆದರೆ ಮೇವು ತೀರಿದಾಗ ಕಂಬ, ತಟ್ಟಿ ಕಿತ್ತುಕೊಂಡು ಮುಂದಿನ ಹುಲ್ಲಿನ ಬ್ಯಾಣಕ್ಕೆ ಹೋದ ಗೌಳಿಗನ ವಾಸವನ್ನು ಯಾವ ಗೋಡೆ ಹೇಳೀತು? ಹಂಚು ಊರೂರು ತಿರುಗಿದ್ದೆಂದು ತಳ್ಳಿಹಾಕಿದ ನಾನು, ತಿರುಗಿಬಂದ ಕಂಬವನ್ನು ಯಾವ ಬಾಯಲ್ಲಿ ಸಾಕ್ಷಿಗೆ ಕರೆಯಲಿ? ಕಾಯ್ದೆ ಕೇಳುವುದು ಕುಟುಂಬ ಎಷ್ಟು ಕಾಲದಿಂದ ಇಲ್ಲಿದೆ ಎಂದಾದರೆ, ಗೋಡೆಯ ಹಟ ನನಗೇಕೆ?