ಮಕ್ಕಳ ಕೈಗೆ ಬಂದ ಪಾಠ
(ಮಾಸಿಕ ಅನುಭಾವಗೋಷ್ಠಿಯಲ್ಲಿ ಪ್ರೌಢಶಾಲಾ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸ)

 

ಸ್ಮಾರ್ಟ್ ಕ್ಲಾಸ್ ಬೇಕೆಂದು ಶಾಲೆಗಳು ಕೇಳುತ್ತವೆ, ಭಕ್ತರು ಪ್ರೀತಿಯಿಂದ ಕೊಡುತ್ತಾರೆ. ಪರದೆ ಬರುತ್ತದೆ, ಚಿತ್ರ ಓಡುತ್ತದೆ, ಮಕ್ಕಳು ಕೈಕಟ್ಟಿ ನೋಡುತ್ತಾರೆ. ಮೊದಲು ಮೇಷ್ಟ್ರ ಮಾತನ್ನೂ ಕೈಕಟ್ಟಿಯೇ ಕೇಳುತ್ತಿದ್ದರು. ಹಾಗಾದರೆ ಬದಲಾದದ್ದೇನು? ಕೋಣೆಯ ದೀಪ ಆರಿಸುತ್ತೇವೆ, ಅಷ್ಟೇ.

ಮಗು ಮುಟ್ಟಿದರೆ ಬದಲಾಗುವ ಪಾಠವನ್ನು ನಾವೇ ಮಾಡಲು ಕಲಿಯಬಹುದೇ ಎಂಬುದು ನನ್ನ ಮಾತಿನ ವಿಷಯ. ಮೂರು ವರ್ಷದಿಂದ ನಾನು ಇದನ್ನು ಕಲಿಯುತ್ತಿದ್ದೇನೆ.

ನನಗೆ ದಾರಿ ತೋರಿಸಿದ್ದು ‘ಫೆಟ್’ ಎಂಬ ಉಚಿತ ವಿಜ್ಞಾನ ಪಾಠಗಳು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ್ದು. ಅದರಲ್ಲಿ ವಿದ್ಯುತ್ತಿನ ಪಾಠವೊಂದಿದೆ. ಬ್ಯಾಟರಿ, ವೈರು, ಬಲ್ಬುಗಳನ್ನು ಮಗುವೇ ಎಳೆದು ಜೋಡಿಸಬೇಕು. ಬಲ್ಬು ಬಿಟ್ಟು ಬ್ಯಾಟರಿಯ ಎರಡು ತುದಿಗೂ ಬರೀ ವೈರು ಸೇರಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ! ‘ತಪ್ಪು’ ಎಂದು ಅಲ್ಲಿ ಯಾರೂ ಬರೆದಿರುವುದಿಲ್ಲ. ಹುಡುಗರು ನಗುತ್ತಾರೆ, ಮತ್ತೆ ಬೇಕೆಂದೇ ಬೆಂಕಿ ಹಚ್ಚುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಮೇಷ್ಟ್ರಿಗೆ ಬೇಕಾದದ್ದು ಆ ‘ಯಾಕೆ’. ಇಂಥ ಪಾಠ ಮಾಡುವಾಗ ಅವರು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿ, ಏನು ಯೋಚಿಸುತ್ತಿದ್ದೀಯಾ ಬಾಯಿಬಿಟ್ಟು ಹೇಳು ಎಂದು ಕೇಳಿ, ಎಡವಿದಲ್ಲಿ ಪಾಠವನ್ನೇ ತಿದ್ದುತ್ತಾರೆ.

ನಮ್ಮದೇ ಪಾಠಕ್ಕೆ ನಾನು ಹಿಡಿದದ್ದು ‘ಸ್ಕ್ರ್ಯಾಚ್’. ಎಂಐಟಿಯವರು 2007ರಲ್ಲಿ ಮಕ್ಕಳಿಗಾಗಿ ಹೊರತಂದ ಉಚಿತ ತಂತ್ರಾಂಶ. ಇದರಲ್ಲಿ ಆದೇಶಗಳನ್ನು ಉದ್ದಕ್ಕೆ ಟೈಪ್ ಮಾಡಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದರಾಯಿತು. ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ನಮ್ಮ ಧ್ವನಿಯನ್ನೂ ತುಂಬಬಹುದು. ನಾನು ನಮ್ಮ ಪ್ರಸಾದ ನಿಲಯದ ಹುಡುಗಿಯೊಬ್ಬಳ ಧ್ವನಿ ತುಂಬಿದ್ದೇನೆ. ಪುಸ್ತಕದ ಕನ್ನಡಕ್ಕಿಂತ ಅವಳ ಮಾತು ಮಕ್ಕಳಿಗೆ ಬೇಗ ನಾಟುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 0.45, 0.5 ಇವುಗಳಲ್ಲಿ ಯಾವುದು ದೊಡ್ಡದು? ಎಷ್ಟೋ ಮಕ್ಕಳು 0.45 ಎನ್ನುತ್ತಾರೆ. ಐದಕ್ಕಿಂತ ನಲವತ್ತೈದು ದೊಡ್ಡದಲ್ಲವೇ? ಇದು ದಡ್ಡತನವಲ್ಲ. ಪೂರ್ಣಸಂಖ್ಯೆಗಳಲ್ಲಿ ಕಲಿತದ್ದನ್ನು ಮಗು ನಂಬಿಕೆಯಿಂದ ಮುಂದಕ್ಕೆ ತಂದಿದೆ. ಮಾರುಕಟ್ಟೆಯ ಎಷ್ಟೋ ಪಾಠಗಳು ಇಲ್ಲಿ ‘ಟುಂಯ್’ ಎಂದು ಸದ್ದು ಮಾಡಿ ಸರಿಯುತ್ತರ ತೋರಿಸಿಬಿಡುತ್ತವೆ. ಮಗು ಮುಂದಿನ ಪ್ರಶ್ನೆಗೆ ಇನ್ನೊಂದು ಗುಂಡಿ ಒತ್ತುತ್ತದೆ, ನಂಬಿಕೆ ಇದ್ದಲ್ಲೇ ಇರುತ್ತದೆ.

ನನ್ನ ಪಾಠದಲ್ಲಿ 0ಯಿಂದ 1ರವರೆಗೆ ಹತ್ತು ಮನೆಯ ಪಟ್ಟಿಯಿದೆ. ಮಗು 0.45ರ ಚೀಟಿಯನ್ನು 0.5ರ ಆಚೆ ಇಟ್ಟರೆ ಸದ್ದು ಬರುವುದಿಲ್ಲ. 0.4ಕ್ಕೂ 0.5ಕ್ಕೂ ನಡುವಿನ ಮನೆ ಹಿಗ್ಗಿ ಪರದೆ ತುಂಬುತ್ತದೆ, ಒಳಗೆ ಹತ್ತು ಸಣ್ಣ ಮನೆಗಳು ಮೂಡುತ್ತವೆ. ಎಣಿಸುವ ಕೆಲಸ ಮಗುವಿನದು. “ಅಯ್ಯ, ಇದು ಐದು ಮುಟ್ಟೋದೇ ಇಲ್ಲಲ್ಲ ಸರ್!” ಎಂದ ಹುಡುಗ ಅದುವರೆಗೆ ಗಣಿತದ ಪಿರಿಯಡ್ಡಿನಲ್ಲಿ ಬಾಯಿ ತೆರೆದವನಲ್ಲ.

ಹತ್ತು ನಿಮಿಷದ ಈ ಪಾಠಕ್ಕೆ ನನಗೆ ಹಲವು ಸಂಜೆಗಳು ಹಿಡಿದವು. ತುಂಡು ಕೂಡಿಸುವುದು ಬೇಗ ಬಂತು. ಮಗು ಎಲ್ಲೆಲ್ಲಿ ಎಡವೀತು, ಅಲ್ಲಿ ಏನು ತೋರಿಸಬೇಕು ಎಂದು ಯೋಚಿಸುವುದಕ್ಕೇ ಹೊತ್ತು ಬೇಕು. ಈ ಕಾಯಕಕ್ಕೆ ಪರದೆಗಿಂತ ಬಿಡುವು ದೊಡ್ಡ ಕಾಣಿಕೆ. ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಇನ್ನೊಂದು ಸಿದ್ಧ ಪೆಟ್ಟಿಗೆ ಕೊಳ್ಳುವ ಮೊದಲು, ಆಸಕ್ತ ಶಿಕ್ಷಕರಿಗೆ ಶನಿವಾರ ಎರಡು ಪಿರಿಯಡ್ ಬಿಡುವು ಕೊಡಿ, ಕಂಪ್ಯೂಟರ್ ಕೋಣೆಯ ಕೀಲಿಯನ್ನೂ ಕೊಡಿ. ಮನೆಯಲ್ಲಿ ಫೋನೂ ಇಲ್ಲದ ಪ್ರಸಾದ ನಿಲಯದ ಮಕ್ಕಳಿಗೆ ಆ ಕೋಣೆಯೊಂದೇ ಗತಿ. ಬೀಗ ಹಾಕಿದ್ದರೆ ಅವರಿಗೆ ಅದೂ ಇಲ್ಲ.

ಶಿಕ್ಷಕ ಬಂಧುಗಳೇ, ಮುಂದಿನ ಗೋಷ್ಠಿಗೆ ಬರುವಾಗ ನಿಮ್ಮ ತರಗತಿಯ ಒಂದೊಂದು ತಪ್ಪು ಉತ್ತರವನ್ನು ಚೀಟಿಯಲ್ಲಿ ಬರೆದು ತನ್ನಿ. ಮಗುವಿನ ಹೆಸರು ಬೇಡ. ನಾನು ಲ್ಯಾಪ್‌ಟಾಪ್ ತರುತ್ತೇನೆ. ಪ್ರಸಾದವಾದ ಮೇಲೆ ಇಲ್ಲೇ ಕೂತು ಒಂದು ಪಾಠ ಶುರುಮಾಡೋಣ.