ಹಲ್ಲಿನ ಖನಿಜ, ಊರಿನ ನೀರು

(ಮುಲುಂಡಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಹಲ್ಲು ಮೂಳೆಗಳ ಮಾತೇಕೆ ಎಂದು ತಾವು ಕೇಳಬಹುದು. ನಾನು ಪಾವಗಡದ ಕಡೆಯವನು. ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ನನ್ನ ಮಗನು ತನ್ನ ಚಿಕ್ಕಪ್ಪನ ಮಗನನ್ನು, "ನೀನು ಹಲ್ಲು ಉಜ್ಜುವುದೇ ಇಲ್ಲವೇನೋ?" ಎಂದು ಎಲ್ಲರೆದುರಿಗೆ ಕೇಳಿಬಿಟ್ಟ. ಬಾಯಿ ಮುಚ್ಚಿಕೊಂಡ ಆ ಹುಡುಗ ಸಂಜೆಯವರೆಗೂ ನಗಲಿಲ್ಲ. ಅಂದು ನನ್ನ ಮಗನಿಗೆ ಹೇಳಿದ್ದನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಹಲ್ಲಿನ ಹೊರಪದರವಾದ ಎನಾಮಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಮೂಳೆಯಲ್ಲಿ ಸರಿಸುಮಾರು ಮೂರರಲ್ಲೆರಡು ಪಾಲು. ಕ್ಯಾಲ್ಸಿಯಂ, ಫಾಸ್ಫೇಟುಗಳಿಂದಾದ ಈ ಖನಿಜದ ಹೆಸರು ಹೈಡ್ರಾಕ್ಸಿ ಅಪಟೈಟ್. ಹೆಸರು ಎಷ್ಟೇ ಬಿರುಸಾಗಿರಲಿ, ಹುಳಿಯ ಮುಂದೆ ಇದು ಸೋಲುತ್ತದೆ. ಕೋಳಿಯ ಕಾಲೆಲುಬನ್ನು ಒಂದೆರಡು ವಾರ ವಿನಿಗರಿನಲ್ಲಿ ನೆನೆಯಿಟ್ಟು ನೋಡಿ (ಸಸ್ಯಾಹಾರಿಗಳು ನೆರೆಮನೆಯಿಂದ ಬೇಡಿ ತರಬಹುದು!), ಖನಿಜ ಕರಗಿ ಎಲುಬು ರಬ್ಬರಿನಂತೆ ಬಾಗುತ್ತದೆ. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಜೀವಿಗಳು ಹುಟ್ಟಿಸುವ ಹುಳಿಯೂ ಎನಾಮಲನ್ನು ಹೀಗೆಯೇ ಕರಗಿಸುತ್ತದೆ. ಹುಳಿ ತಗ್ಗಿದ ಮೇಲೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟು ಮರಳಿ ಕೂಡಿ ನಷ್ಟವನ್ನು ಕೊಂಚ ತುಂಬಿಕೊಡುತ್ತವೆ. ಆಗ ಸ್ವಲ್ಪ ಫ್ಲೋರೈಡ್ ದೊರೆತರೆ ಖನಿಜವು ಹುಳಿಗೆ ಅಷ್ಟು ಸುಲಭವಾಗಿ ಕರಗದು. ಟೂತ್‌ಪೇಸ್ಟಿನಲ್ಲಿ ಅದನ್ನು ಬೆರೆಸುವುದು ಇದಕ್ಕಾಗಿಯೇ.

ಹಾಗಾದರೆ ಹೆಚ್ಚಿದಷ್ಟೂ ಒಳ್ಳೆಯದೆ? ಅಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿಗಳಂಥ ಸೀಮೆಗಳಲ್ಲಿ ಮಳೆ ಕಡಿಮೆ, ಕೊಳವೆಬಾವಿ ಆಳ. ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುವುದು ಕ್ಯಾಲ್ಸಿಯಂ. ಅದೇ ಕಡಿಮೆಯಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಬೇಳೆ ಬೇಗ ಬೇಯುವ ಮೆದುನೀರೆಂದು ನಾವು ಮೆಚ್ಚುವ ನೀರೇ ಕೆಲವೊಮ್ಮೆ ಹೀಗಿರುತ್ತದೆ! ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎಂಬುದು ನಮ್ಮ ದೇಶದ ಮಾನಕ.

ಅದು ಮಿತಿಮೀರಿದರೆ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ ಪೂರ್ತಿ ಬಲಿಯದೆ, ಹುಟ್ಟಿದ ಮೇಲೆ ಬಣ್ಣ ಹೀರಿ ಕಂದಾಗುತ್ತದೆ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಈ ಅಪಾಯವಿರುವುದು ಎಂಟು ವರ್ಷದೊಳಗೆ. ಹೆಚ್ಚು ಫ್ಲೋರೈಡಿನ ನೀರನ್ನು ಬಹುವರ್ಷ ಕುಡಿದವರ ಮೂಳೆ, ಕೀಲುಗಳೂ ಬಿಗಿದು ಬೆನ್ನು ಸೆಟೆಯುತ್ತದೆ. ಆಗಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಕಂಡು 1937ರಲ್ಲೇ ಪ್ರಕಟಿಸಿದ್ದರು.

ಇಲ್ಲಿ ನಮ್ಮ ನಲ್ಲಿಗೆ ಬರುವುದು ತಾನಸಾ, ವೈತರಣಾ, ಭಾತಸಾ ಮುಂತಾದ ಜಲಾಶಯಗಳ ಮಳೆನೀರು. ನನ್ನ ಮಗನ ಬಿಳಿಹಲ್ಲಿನಲ್ಲಿ ಅವನ ಹೆಚ್ಚುಗಾರಿಕೆ ಏನೂ ಇಲ್ಲ.

ನೀರು ಕುದಿಸಿದರಾಯಿತು ಎನ್ನುವವರಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಪ್ರಮಾಣವೇ ಏರುತ್ತದೆ. ಮುಂದಿನ ರಜೆಗೆ ಊರಿಗೆ ಹೋಗುವವರು ಮನೆಯ ಕೊಳವೆಬಾವಿಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಡಿರಿ. ನನ್ನ ತಮ್ಮನ ಕಿರಿಯ ಮಗಳಿಗೆ ಈಗ ಎರಡು ವರ್ಷ. ಅವಳಿಗೆಂದು ಮಳೆನೀರು ಹಿಡಿದಿಡಲು ತೊಟ್ಟಿಯೊಂದನ್ನು ಕಟ್ಟಿಸಿ ಬಂದಿದ್ದೇನೆ.