ಹಳೇ ಕಾರಿಗೂ ಒಂದು ನೋಟ್‌ಬುಕ್
(ಅವಲಪಲ್ಲಿಯ ಕಲಿಕೆಯ ಗುಂಪಿನ ಮುಂದೆ ಸಂಯೋಜಕರು ಆಡಿದ ಮಾತು)



ಇವತ್ತು ಪಾಠದ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡೋಣ. ಬೀದಿಯಲ್ಲಿ ನಿಂತಿರುವ ಕಾರನ್ನು ಓದೋಣ. ಕಾರನ್ನು ಓದೋದಾ ಅಂತ ನಗಬೇಡಿ. ಕಾರಿನ ಮೈ ತುಂಬಾ ಅಕ್ಷರ ಇದೆ, ಅಂಕಿ ಇದೆ, ಚಿತ್ರ ಇದೆ. ಅದನ್ನು ಓದಿದವರ ದುಡ್ಡು ಉಳಿಯುತ್ತದೆ. ಎಷ್ಟೋ ಸಲ ಜೀವವೂ ಉಳಿಯುತ್ತದೆ.

ನಮ್ಮ ಕಡೆ ಎಂಥ ಕಾರುಗಳಿವೆ? ಮಾರುತಿ 800 ಇದೆ. ಓಮ್ನಿ ಇದೆ. ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಇದೆ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಅದರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂಬಾಸಿಡರ್ ಕೂಡ ಅದೇ ವರ್ಷ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಹಾಗಾಗಿ ಇವೆಲ್ಲ ಈಗ ವಯಸ್ಸಾದ ಗಾಡಿಗಳು. ಹೆಚ್ಚಿನವರು ಸೆಕೆಂಡ್ ಹ್ಯಾಂಡ್ ತಗೊಂಡವರು. ಹೊಸದು ತಗೊಳ್ಳೋ ಶಕ್ತಿ ಎಲ್ಲರಿಗೂ ಇಲ್ಲ. ಆದರೂ ಬೆಳಗಿನ ಜಾವ ಹೊಸೂರಿಗೆ ಹೂವು, ಟೊಮೇಟೊ ಸಾಗಿಸಬೇಕು. ರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡಬೇಕು. ಆ ಹೊತ್ತಿಗೆ ಕಾರು ನಿಂತುಬಿಟ್ಟರೆ ಏನು ಗತಿ?

ನಮ್ಮ ಹಿರಿಯರು ಎತ್ತಿನ ಗಾಡಿ ಹೂಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಕಡಾಣಿ ಸರಿಯಾಗಿದೆಯಾ ನೋಡುತ್ತಿದ್ದರು. ಅದಕ್ಕೆ ಯಾವ ಮೆಕ್ಯಾನಿಕ್ಕನ್ನೂ ಕರೆಯುತ್ತಿರಲಿಲ್ಲ. ಕಾರಿಗೂ ಅಂಥದೇ ಕೆಲಸ ಇದೆ. ವಾರಕ್ಕೆ ಹದಿನೈದು ನಿಮಿಷ ಸಾಕು.

ಬಾನೆಟ್ ಎತ್ತಿ ನೋಡಿ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುಂಚೆ ನೋಡಬೇಕು. ಕಾರು ಸಮತಟ್ಟಾದ ಜಾಗದಲ್ಲಿ ಇರಲಿ. ಓಮ್ನಿ ಆದರೆ ಇಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತದೆ.

ಮೊದಲು ಇಂಜಿನ್ ಆಯಿಲ್. ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆ ಎಳೆಯಿರಿ. ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ಒಳಗೆ ಹಾಕಿ, ತೆಗೆದು ನೋಡಿ. ಕಡ್ಡಿಯ ತುದಿಯಲ್ಲಿ ಎರಡು ಗುರುತು ಇವೆ. ಆಯಿಲ್ ಆ ಎರಡರ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಅದೇ ನಮೂನೆಯ ಆಯಿಲ್ ಸ್ವಲ್ಪ ಸ್ವಲ್ಪ ಹಾಕಿ. ಮೇಲಿನ ಗುರುತು ದಾಟಬಾರದು. ಆಯಿಲ್ ಕಪ್ಪಾಗಿದ್ದರೆ ಹೆದರಬೇಡಿ, ಓಡಿದ ಆಯಿಲ್ ಕಪ್ಪಾಗುತ್ತದೆ. ಹಾಲು ಹಾಕಿದ ಟೀ ಥರ ಕಂಡರೆ ಮಾತ್ರ ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ. ಆಗ ಕಾರು ಓಡಿಸಬೇಡಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಎರಡನೆಯದು ರೇಡಿಯೇಟರ್ ನೀರು. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗೆ ಕುಕ್ಕರ್‌ನ ಹಾಗೆ ಒತ್ತಡ ಇರುತ್ತದೆ. ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ತಕ್ಷಣ ಅದು ಮುಖಕ್ಕೆ ಉಕ್ಕುತ್ತದೆ. ಕಣ್ಣು ಹೋಗಬಹುದು. ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿದರೆ ಪಕ್ಕಕ್ಕೆ ನಿಲ್ಲಿಸಿ. ಇಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಅದು ಸೀಳಬಹುದು.

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟೋದು ನೋಡಿದ್ದೀರಲ್ವಾ? ರೇಡಿಯೇಟರ್ ಒಳಗೂ ಹಾಗೇ ಕಟ್ಟುತ್ತದೆ. ಜೊತೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಕೂಲೆಂಟ್ ಹಾಕಬೇಕು. ಆದರೆ ಕೂಲೆಂಟ್ ವಿಷ. ರುಚಿ ಸಿಹಿ, ಬಣ್ಣ ಶರಬತ್ತಿನ ಥರ. ಮಕ್ಕಳು, ನಾಯಿ, ಕರುಗಳ ಕೈಗೆ ಬಾಯಿಗೆ ಸಿಗದ ಹಾಗೆ ಇಡಿ. ಖಾಲಿ ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಿಸಿಡಬೇಡಿ.

ಮೂರನೆಯದು ಬ್ರೇಕ್ ಆಯಿಲ್. ಚಿಕ್ಕ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ. ಆಯಿಲ್ ಆ ಗೆರೆಗಳ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಅದನ್ನೇ ಕೇಳಿ ತಗೊಳ್ಳಿ. ಪೆಡಲ್ ಒತ್ತಿದರೆ ನೆಲಕ್ಕೆ ಇಳಿಯುವ ಕಾರನ್ನು ಅಂಗಡಿಯವರೆಗೆ ಕೂಡ ಓಡಿಸಬೇಡಿ.

ನಾಲ್ಕನೆಯದು ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥನಾಲ್ ಬೆರೆತಿರುತ್ತದೆ. ಹಳೇ ಕಾರಿನ ರಬ್ಬರ್ ಪೈಪು, ವಾಷರುಗಳನ್ನು ಇದಕ್ಕೆ ತಕ್ಕಂತೆ ಮಾಡಿರಲಿಲ್ಲ. ಅವು ಬೇಗ ಗಟ್ಟಿಯಾಗಿ ಬಿರುಕು ಬಿಡಬಹುದು. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಪೈಪು ಬದಲಾಯಿಸಿ.

ಬ್ಯಾಟರಿಯ ತುದಿಯಲ್ಲಿ ಬಿಳಿ ಹಸಿರು ಪುಡಿ ಕಟ್ಟಿದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್ಷಿನಲ್ಲಿ ಉಜ್ಜಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು. ಮುಂಚೆ ಮೈನಸ್ ವೈರು ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು. ಬ್ಯಾಟರಿಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಒಳಗಿರುವುದು ಆಸಿಡ್. ಕಣ್ಣಿಗೆ ಹಾರಿದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಟೈರಿನ ವಯಸ್ಸು ಓದಿ

ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳ ಸಾಲು ಇದೆ. ಅದರ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ನೋಡಿ. 2318 ಅಂತ ಇದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ಆ ಟೈರು ತಯಾರಾಯಿತು ಅಂತ ಅರ್ಥ. ವರ್ಷಕ್ಕೆ 52 ವಾರ. ಹಾಗಾದರೆ 23ನೇ ವಾರ ಯಾವ ತಿಂಗಳು? ಜೂನ್. ನೋಡಿ, ಲೆಕ್ಕವೂ ಆಯಿತು.

ಟೈರು ಸವೆಯದೆ ಇದ್ದರೂ ವಯಸ್ಸಾದರೆ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತೋರಿಸಿ. ಹತ್ತು ವರ್ಷ ದಾಟಿದರೆ ಇಟ್ಟುಕೊಳ್ಳಬೇಡಿ. ಟೈರಿನ ಗೆರೆಗಳ ಒಳಗೆ ಅಲ್ಲಲ್ಲಿ ಚಿಕ್ಕ ದಿಬ್ಬ ಇರುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಾಯಿಸುವ ಕಾಲ ಬಂತು. ಗಾಳಿಯನ್ನು ಟೈರು ತಣ್ಣಗಿರುವಾಗ ಹಿಡಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಮನೆಯಲ್ಲಿ ಮಾಡಬಾರದ ಕೆಲಸ

ಜಾಕಿ ಮೇಲೆ ಮಾತ್ರ ನಿಂತಿರುವ ಕಾರಿನ ಕೆಳಗೆ ಯಾರೂ ನುಗ್ಗಬಾರದು. ಒಂದು ನಿಮಿಷಕ್ಕೂ ಬೇಡ. ಜಾಕಿ ಇರುವುದು ಚಕ್ರ ಬದಲಾಯಿಸುವುದಕ್ಕೆ. ಮಣ್ಣಿನ ನೆಲದಲ್ಲಿ ಅದು ಜಾರುತ್ತದೆ. ಇಟ್ಟಿಗೆ ಜೋಡಿಸಿದರೆ ಇಟ್ಟಿಗೆ ಪುಡಿಯಾಗುತ್ತದೆ. ಕೆಳಗಿನ ಕೆಲಸ ಇದ್ದರೆ ವರ್ಕ್‌ಶಾಪಿಗೆ ಬಿಡಿ. ಚಕ್ರ ಬದಲಾಯಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಇಡಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಡಿ.

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಚಳಿಗಾಲದ ಬೆಳಿಗ್ಗೆ ಕೆಲವರು ಹಾಗೆ ಮಾಡುತ್ತಾರೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಮಲಗಿದವರು ಏಳೋದೇ ಇಲ್ಲ.

ಗ್ಯಾಸ್ ಹಾಕಿಸಿದ ಓಮ್ನಿಗೆ ಅಡುಗೆ ಸಿಲಿಂಡರಿನಿಂದ ಗ್ಯಾಸ್ ತುಂಬಿಸಬೇಡಿ. ಅದು ಕಾನೂನಿಗೆ ವಿರುದ್ಧ. ಒಂದು ಕಿಡಿ ಹಾರಿದರೆ ಮನೆಯೇ ಹೋಗುತ್ತದೆ.

ಚಿತ್ರ ಓದಿ, ಕಾಗದ ಓದಿ

ಸ್ಟೀರಿಂಗ್ ಮುಂದೆ ಚಿಕ್ಕ ಚಿಕ್ಕ ದೀಪ ಇವೆ. ಎಣ್ಣೆ ಗಿಂಡಿಯ ಚಿತ್ರ ಓಡುವಾಗ ಕೆಂಪಾಗಿ ಹತ್ತಿದರೆ ಆಯಿಲ್ ಒತ್ತಡ ಇಲ್ಲ ಅಂತ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಬ್ಯಾಟರಿ ಚಿತ್ರ ಹತ್ತಿದರೆ ಚಾರ್ಜ್ ಆಗುತ್ತಿಲ್ಲ ಅಂತ.

ಇನ್ನು ಆರ್‌ಸಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಕಾರನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತಾರೀಖು ಓದಿಕೊಂಡರೆ ಮುಂಚೆಯೇ ದುಡ್ಡು ಕೂಡಿಡಬಹುದು. ಬೆಂಗಳೂರಿನಿಂದ ತಂದ ಕೆಎ ನಂಬರಿನ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ತಮಿಳುನಾಡಿನ ನಂಬರು ಮಾಡಿಸಬೇಕು. ಹೊಸೂರಿನಲ್ಲಾದರೆ ಅದು ಟಿಎನ್ 70. ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಇವುಗಳ ಕೊನೆಯ ದಿನವನ್ನೂ ಬರೆದಿಡಿ.

ಎಲ್ಲಿ ಬರೆಯೋದು? ನೋಟ್‌ಬುಕ್ಕಿನಲ್ಲಿ. ನಮ್ಮದು ಗಡಿಯ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ಸಿನ ಬೋರ್ಡು ತಮಿಳು, ವರ್ಕ್‌ಶಾಪಿನ ಬಿಲ್ಲು ಇಂಗ್ಲಿಷ್. ಬಿಲ್ಲು ಯಾವ ಭಾಷೆಯಲ್ಲಾದರೂ ಇರಲಿ, ನಿಮ್ಮ ನೋಟ್‌ಬುಕ್ ಕನ್ನಡದಲ್ಲಿ ಇರಲಿ. ಅಂಕಿ ಎಲ್ಲರಿಗೂ ಒಂದೇ. ಹೀಗೆ ಬರೆಯಿರಿ:

ತಾರೀಖು: ಜನವರಿ 4
ಓಡಿದ ಕಿಲೋಮೀಟರ್: 86,400
ಕೆಲಸ: ಇಂಜಿನ್ ಆಯಿಲ್, ಫಿಲ್ಟರ್ ಬದಲಾಯಿತು
ಮುಂದಿನ ಸಲ: 91,400

ಪೆಟ್ರೋಲ್ ಲೆಕ್ಕವನ್ನೂ ಬರೆಯಿರಿ. ಹೋದ ತಿಂಗಳು 20 ಲೀಟರಿಗೆ 300 ಕಿಲೋಮೀಟರ್ ಓಡಿತು. ಅಂದರೆ ಲೀಟರಿಗೆ 15. ಈ ತಿಂಗಳು 20 ಲೀಟರಿಗೆ 240 ಮಾತ್ರ. ಲೀಟರಿಗೆ 12 ಆಯಿತು. ಏನೋ ಕೆಟ್ಟಿದೆ ಅಂತ ನೋಟ್‌ಬುಕ್ಕೇ ಹೇಳುತ್ತದೆ. ಟೈರಿನ ಗಾಳಿ ಇಳಿದಿರಬಹುದು. ಏರ್ ಫಿಲ್ಟರ್ ಧೂಳು ತುಂಬಿರಬಹುದು. ಬ್ರೇಕ್ ಹಿಡಿದುಕೊಂಡಿರಬಹುದು. ಮೆಕ್ಯಾನಿಕ್ ಹತ್ತಿರ ಹೋದಾಗ ನೋಟ್‌ಬುಕ್ ತೋರಿಸಿ ಮಾತಾಡಿ. ಅವರಿಗೂ ರೋಗ ಹಿಡಿಯೋದು ಸುಲಭ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ನೋಡಿ. ಇದು ಜಗಳ ಅಲ್ಲ, ವ್ಯವಹಾರ. ನೋಟ್‌ಬುಕ್ ಬರೆಯಲು ಕಾರು ಓಡಿಸಲು ಬರಬೇಕು ಅಂತೇನೂ ಇಲ್ಲ. ಮನೆಯ ಹೆಣ್ಣುಮಕ್ಕಳು ಬರೆಯಬಹುದು, ಅಜ್ಜಿಯೂ ಬರೆಯಬಹುದು.

ಈ ವಾರದ ಮನೆಗೆಲಸ ಹೇಳ್ತೀನಿ. ನಿಮ್ಮದೋ ಪಕ್ಕದ ಮನೆಯವರದೋ ಒಂದು ಕಾರು ನೋಡಿ. ಐದು ಟೈರಿನ ನಾಲ್ಕು ನಾಲ್ಕು ಅಂಕಿ ಬರೆದುಕೊಂಡು ಬನ್ನಿ. ನೆನಪಿರಲಿ, ಐದನೆಯದು ಸ್ಟೆಪ್ನಿ. ಯಾವ ಟೈರು ಯಾವ ವರ್ಷದ್ದು ಅಂತ ಬರುವ ವಾರ ಎಲ್ಲರೂ ಸೇರಿ ಓದೋಣ.